ಪರದೇಶದ ದಾರಿಯಲ್ಲಿ ನಮ್ಮ ಸರಕು

ಒಂದು ದೇಶದಲ್ಲಿ ಬೆಳೆದ ಅಥವಾ ತಯಾರಾದ ವಸ್ತುವು ಅದನ್ನು ಕೊಂಡ ದೇಶಕ್ಕೆ ನೆಟ್ಟಗೆ ಹೋಗಿ ಸೇರುವುದೆಂದು ಬಹುಮಂದಿ ಭಾವಿಸಿರುವರು. ವಾಸ್ತವದಲ್ಲಿ ಹಾಗಿಲ್ಲ. ಕೊಡುವ ದೇಶಕ್ಕೂ ಕೊಳ್ಳುವ ದೇಶಕ್ಕೂ ನಡುವೆ ಮೂರನೆಯದೊಂದು ದೇಶದ ನೆಲವನ್ನೋ ಬಂದರನ್ನೋ ಹಾಯ್ದು ಹೋಗುವ ಸರಕು ಜಗತ್ತಿನ ವ್ಯಾಪಾರದಲ್ಲಿ ಬಹಳವಾಗಿದೆ. ಈ ಮೂರನೆಯ ದೇಶವನ್ನು ನಾವು ಈ ಲೇಖನದಲ್ಲಿ ‘ದಾರಿಯ ದೇಶ’ ಎಂದು ಕರೆಯೋಣ.

ಈ ವಿಷಯವು ನಮಗೆ ದೂರದ್ದಲ್ಲ. ನಮ್ಮ ಶಾಲೆಯ ಪಾಲಕರಲ್ಲಿ ಅನೇಕರು ಮಡ್ಕಯಿಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವರು. ಸರಕನ್ನು ಪೆಟ್ಟಿಗೆಗೆ ತುಂಬುವುದು, ಲಾರಿಗೆ ಹೇರುವುದು ಅವರಲ್ಲಿ ಹಲವರ ನಿತ್ಯದ ಕೆಲಸ. ಅದಕ್ಕಿಂತ ಮಿಗಿಲಾದ ಸಂಗತಿಯೆಂದರೆ, ನಾವು ಬಾಳುತ್ತಿರುವ ಈ ಗೋವೆಯೇ ಒಂದು ಕಾಲಕ್ಕೆ ಕನ್ನಡ ನಾಡಿನ ಸರಕಿಗೆ ದಾರಿಯ ದೇಶವಾಗಿದ್ದಿತು. ಆದುದರಿಂದ ಸರಕು ಹೇಗೆ ಹೋಗುವುದೆಂಬುದರ ಜೊತೆಗೆ, ದಾರಿಯಲ್ಲಿರುವ ಜನರಿಗೆ ಅದರಿಂದ ಆಗುವ ಲಾಭವೇನು, ನಷ್ಟವೇನು ಎಂಬುದನ್ನೂ ವಿಚಾರಿಸುವುದು ಉಚಿತವಾಗಿದೆ.

ಮೂರು ಬಗೆಗಳು

ದಾರಿಯ ದೇಶದ ಮೂಲಕ ಸರಕು ಹೋಗುವುದರಲ್ಲಿ ಮೂರು ಬಗೆಗಳುಂಟು.

ಮೊದಲನೆಯದು ಹಾಯ್ದು ಹೋಗುವುದು. ಸರಕು ಮುದ್ರೆ ಒತ್ತಿದ ಡಬ್ಬಿಯಲ್ಲಿಯೋ ಲಾರಿಯಲ್ಲಿಯೋ ದಾರಿಯ ದೇಶವನ್ನು ಪ್ರವೇಶಿಸಿ, ಆ ಮುದ್ರೆ ಒಡೆಯದೆ ಇನ್ನೊಂದು ಗಡಿಯಿಂದ ಹೊರಬೀಳುವುದು. ಅದನ್ನು ಆ ದೇಶದಲ್ಲಿ ಯಾರೂ ಕೊಳ್ಳುವುದಿಲ್ಲ, ಮಾರುವುದೂ ಇಲ್ಲ. ಹಿಂದಿನ ಕಾಲದಲ್ಲಿ ಇಂತಹ ಸರಕಿನ ಜೊತೆಗೆ ‘ರಹದಾರಿ’ ಎಂಬ ಪರವಾನಗಿ ಚೀಟಿ ಇರುತ್ತಿದ್ದಿತು. ಸಮುದ್ರವೇ ಇಲ್ಲದ ನೇಪಾಳಕ್ಕೆ ಕೋಲ್ಕತ್ತಾ ಬಂದರಿನಿಂದ ಹೋಗುವ ಸರಕು ಈ ಜಾತಿಯದು.

ಎರಡನೆಯದು ಹಡಗು ಬದಲಾಯಿಸುವುದು. ಫೋಂಡಾದಿಂದ ಕುಠ್ಠಾಳಿಗೆ ಹೋಗುವವನು ಮಡ್ಕಯಿಯ ದಕ್ಕೆಯವರೆಗೆ ಬಸ್ಸಿನಲ್ಲಿ ಬಂದು, ಫೆರಿಯಲ್ಲಿ ಜುವಾರಿಯನ್ನು ದಾಟಿ, ಆಚೆಯ ದಡದಲ್ಲಿ ಬೇರೊಂದು ಬಸ್ಸನ್ನು ಹಿಡಿಯಬಹುದಷ್ಟೆ. ಗಂಟುಮೂಟೆ ಅವನದೇ, ಬದಲಾದದ್ದು ವಾಹನ ಮಾತ್ರ. ಹಾಗೆಯೇ ಸರಕು ಒಂದು ಬಂದರಿನಲ್ಲಿ ಸಣ್ಣ ಹಡಗಿನಿಂದ ಇಳಿದು ದೊಡ್ಡ ಹಡಗನ್ನು ಏರುವುದು.

ಮೂರನೆಯದು ಮರುರಫ್ತು. ಇಲ್ಲಿ ದಾರಿಯ ದೇಶದ ವರ್ತಕನು ಸರಕನ್ನು ಕೊಂಡು, ಗೋದಾಮಿನಲ್ಲಿಟ್ಟು, ಬೆಲೆ ಒದಗಿದಾಗ ಮತ್ತೊಂದು ದೇಶಕ್ಕೆ ಮಾರುವನು. ಸಿಂಗಾಪುರ, ಹಾಂಗ್‌ಕಾಂಗ್, ದುಬೈ ನಗರಗಳ ಸಂಪತ್ತು ಬಹುಮಟ್ಟಿಗೆ ಈ ಬಗೆಯ ವ್ಯಾಪಾರದಿಂದ ಬೆಳೆದುದು.

ಈ ಮೂರನ್ನೂ ಬೇರೆ ಬೇರೆಯಾಗಿ ನೆನಪಿಡುವುದು ಅವಶ್ಯ. ಸುಂಕದ ವಿಷಯವೆಲ್ಲ ಈ ಭೇದದ ಮೇಲೆಯೇ ನಿಂತಿದೆ.

ವಿಜಯನಗರದ ಕುದುರೆಗಳು

ಕನ್ನಡ ನಾಡಿನ ಮಟ್ಟಿಗೆ ಇದರ ಅತ್ಯಂತ ಪ್ರಸಿದ್ಧವಾದ ಉದಾಹರಣೆ ಕುದುರೆಯ ವ್ಯಾಪಾರ. ದಖ್ಖನ್ನಿನ ಹವೆಯಲ್ಲಿ ಯುದ್ಧಕ್ಕೆ ತಕ್ಕ ಉತ್ತಮ ಕುದುರೆಗಳ ತಳಿ ನಿಲ್ಲುತ್ತಿರಲಿಲ್ಲ. ಅರಬಸ್ಥಾನ ಮತ್ತು ಪರ್ಶಿಯಾಗಳ ಕುದುರೆಗಳು ಹೊರ್ಮುಜ್ ಎಂಬ ದ್ವೀಪದ ಪೇಟೆಯಲ್ಲಿ ಹಡಗನ್ನೇರಿ ಪಶ್ಚಿಮ ಕರಾವಳಿಗೆ ಬರುತ್ತಿದ್ದುವು. ಮೊದಲು ಭಟ್ಕಳ, ಹೊನ್ನಾವರ, ಗೋವೆ ಮುಂತಾದ ಹಲವು ಬಂದರುಗಳಲ್ಲಿ ಅವು ಇಳಿಯುತ್ತಿದ್ದುವು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಗೆದ್ದ ತರುವಾಯ ಪೋರ್ಚುಗೀಸರು ಕುದುರೆಯ ಹಡಗುಗಳೆಲ್ಲವೂ ಗೋವೆಗೇ ಬರಬೇಕೆಂದು ಒತ್ತಾಯಿಸಿದರು. 1515ರಲ್ಲಿ ಹೊರ್ಮುಜ್ ಕೂಡ ಅವರ ಕೈವಶವಾಯಿತು. ಹೀಗೆ ದಾರಿಯ ಎರಡು ಕೊನೆಗಳೂ ಒಬ್ಬರ ಕೈಗೆ ಸಿಕ್ಕಿದಂತಾಯಿತು.

ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು, ಹೊರ್ಮುಜಿನವು ಮತ್ತು ದೇಶೀಯವು ಸೇರಿ, ಕೊಳ್ಳುತ್ತಿದ್ದನೆಂದು ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿರುವನು. ಕುದುರೆಗಳು ಗೋವೆಯಲ್ಲಿ ಹುಟ್ಟಿದುವಲ್ಲ, ಗೋವೆಯವರು ಅವುಗಳನ್ನು ಬಳಸಿದವರೂ ಅಲ್ಲ. ಆದರೂ ಪ್ರತಿ ಕುದುರೆಯ ಮೇಲೆ ಗೋವೆಯ ಸುಂಕದ ಕಟ್ಟೆಯಲ್ಲಿ ಹಣ ಬೀಳುತ್ತಿದ್ದಿತು. ದಾರಿಯನ್ನು ಹಿಡಿದವನಿಗೆ ಹಣ ಮಾತ್ರವಲ್ಲ, ಬಲವೂ ದೊರೆಯಿತು. ಕುದುರೆಯನ್ನು ವಿಜಯನಗರಕ್ಕೆ ಕೊಡಬೇಕೋ ಬಿಜಾಪುರಕ್ಕೆ ಕೊಡಬೇಕೋ ಎಂಬುದು ಯುದ್ಧದ ಜಯಾಪಜಯಗಳ ಪ್ರಶ್ನೆಯಾಗಿದ್ದಿತು. 1547ರಲ್ಲಿ ಗವರ್ನರ್ ಜೊವಾವ್ ದ ಕಾಸ್ಟ್ರೋ ಮತ್ತು ಸದಾಶಿವರಾಯರ ನಡುವೆ ಆದ ಕೌಲಿನಲ್ಲಿ, ಗೋವೆಗೆ ಬಂದ ಕುದುರೆಗಳು ಆದಿಲಶಾಹನಿಗೆ ಸಿಗದೆ ವಿಜಯನಗರಕ್ಕೇ ಸಲ್ಲಬೇಕೆಂಬುದು ಮುಖ್ಯವಾದ ಕಲಮು.

1565ರಲ್ಲಿ ವಿಜಯನಗರವು ಹಾಳಾದಾಗ ಗೋವೆಯ ವ್ಯಾಪಾರಕ್ಕೂ ಭಾರಿ ಪೆಟ್ಟು ಬಿದ್ದಿತು. ಕೊಳ್ಳುವವನೇ ಇಲ್ಲದ ಮೇಲೆ ದಾರಿಯಿಂದ ಏನು ಫಲ? ದಾರಿಯ ನಾಡಿನ ಭಾಗ್ಯವು ಎರಡು ಕೊನೆಗಳ ಭಾಗ್ಯಕ್ಕೆ ಕಟ್ಟಿಹಾಕಿದ್ದೆಂಬುದು ಇದರಿಂದ ಕಲಿಯತಕ್ಕ ಪಾಠ.

ಕ್ಯಾಸಲ್‌ರಾಕಿನ ರೈಲುದಾರಿ

ಮುಂದೆ ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. ಆಗ ಧಾರವಾಡ ಸೀಮೆಯು ಬ್ರಿಟಿಷರ ಆಳಿಕೆಯಲ್ಲಿಯೂ ಗೋವೆಯು ಪೋರ್ಚುಗೀಸರ ಆಳಿಕೆಯಲ್ಲಿಯೂ ಇದ್ದುವು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲಂಡಿಗೆ ಬಾರದಂತಾದಾಗ ಧಾರವಾಡದ ಹತ್ತಿಗೆ ಬೇಡಿಕೆ ಏರಿತು. ಹತ್ತಿಯನ್ನು ಸಮುದ್ರಕ್ಕೆ ಮುಟ್ಟಿಸುವುದೆಂತು? ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕಬೇಕೆಂಬ ಯೋಜನೆ ಬಹಳ ಚರ್ಚೆಗೆ ಬಂದು ಕೊನೆಗೆ ಬಿದ್ದುಹೋಯಿತು. ಅದಕ್ಕೆ ಬದಲಾಗಿ ಪರರಾಜ್ಯವಾದ ಗೋವೆಯೊಳಗೆ ಹಾಯ್ದು ಮುರಗಾಂವ ಬಂದರನ್ನು ಸೇರುವ ದಾರಿಯನ್ನು ಆರಿಸಲಾಯಿತು.

ಆದರೆ ಹಳಿ ಹಾಸುವ ಮೊದಲು ಒಪ್ಪಂದ ಬೇಕಾಗಿದ್ದಿತು. 1878ರ ಡಿಸೆಂಬರ್ 26ರಂದು ಬ್ರಿಟನ್ನು ಮತ್ತು ಪೋರ್ಚುಗಲ್ಲುಗಳ ನಡುವೆ ಕರಾರಾಯಿತು. ಅದರಂತೆ ಬ್ರಿಟಿಷ್ ಇಂಡಿಯಾಕ್ಕೂ ಗೋವೆಗೂ ನಡುವಿನ ಗಡಿಯ ಸುಂಕ ಹೋಯಿತು. ರೈಲಿಗೆ ಅನುಮತಿ ದೊರೆಯಿತು. 1888ರಲ್ಲಿ ಮುರಗಾಂವದಿಂದ ದೂಧಸಾಗರ ಜಲಪಾತದ ಮಗ್ಗುಲಲ್ಲೇ ಘಟ್ಟವನ್ನು ಹತ್ತಿ ಕ್ಯಾಸಲ್‌ರಾಕನ್ನು ಸೇರುವ, ಸುಮಾರು 80 ಕಿಲೋಮೀಟರು ಉದ್ದದ ಮಾರ್ಗ ಸಿದ್ಧವಾಯಿತು. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಆಚೆಗೆ ಅದು ಹುಬ್ಬಳ್ಳಿ, ಗದಗ, ಬಳ್ಳಾರಿಗಳ ಕಡೆಗೆ ಕೂಡಿಕೊಂಡಿತು.

ಈ ಒಪ್ಪಂದದ ಬೆಲೆಯನ್ನು ತೆತ್ತವರು ಯಾರು? ಗೋವೆಯ ಉಪ್ಪಿನ ಆಗರದವರು. ಬ್ರಿಟಿಷ್ ಇಂಡಿಯಾದಲ್ಲಿ ಉಪ್ಪಿನ ಮೇಲೆ ಭಾರವಾದ ಕರವಿದ್ದಿತು. ಗೋವೆಯ ಅಗ್ಗದ ಉಪ್ಪು ಘಟ್ಟ ಹತ್ತಿ ಬಂದರೆ ಆ ಕರಕ್ಕೆ ಧಕ್ಕೆ. ಆದುದರಿಂದ ಗೋವೆಯ ಉಪ್ಪಿನ ತಯಾರಿಕೆಯ ಮೇಲಣ ಹಿಡಿತವನ್ನೇ ಬ್ರಿಟಿಷರು ಕರಾರಿನಲ್ಲಿ ಪಡೆದರು. ಪೋರ್ಚುಗೀಸ್ ಸರಕಾರಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಕೊಡಲು ಒಪ್ಪಿದರು. ಹಣವು ಸರಕಾರದ ಬೊಕ್ಕಸಕ್ಕೆ ಹೋಯಿತು, ಕಷ್ಟವು ಆಗರದವನ ಪಾಲಿಗೆ ಬಂದಿತು. ತಲೆತಲಾಂತರದಿಂದ ಕರಾವಳಿಯ ಉಪ್ಪನ್ನು ಎತ್ತಿನ ಮೇಲೆ ಹೇರಿ ಘಟ್ಟದ ಮೇಲಕ್ಕೆ ಸಾಗಿಸುತ್ತಿದ್ದ ಲಮಾಣಿಗರ ಕಸಬೂ ರೈಲು ಬಂದ ಮೇಲೆ ಕುಂದಿತು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಇಂತಹವರ ಅನುಭವದಿಂದಲೇ ಹುಟ್ಟಿರಬೇಕು.

ಅತ್ತ ಕಾರವಾರವೂ ನಷ್ಟ ಹೊಂದಿತು. ಘಟ್ಟದ ಮೇಲಿನ ಹತ್ತಿ ರೈಲಿನ ಬೆನ್ನು ಹತ್ತಿ ಹೋದ ಮೇಲೆ ಆ ಒಳ್ಳೆಯ ಬಂದರಿನ ವ್ಯಾಪಾರ ಇಳಿಮುಖವಾಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬೇಕೆಂಬ ಬೇಡಿಕೆ ಇನ್ನೂ ಈಡೇರದೆ ಉಳಿದಿದೆ. ಇತ್ತ ಮುರಗಾಂವಕ್ಕಾದರೂ ಎಣಿಸಿದಷ್ಟು ಸರಕು ಬಂದಿತೋ? ಇಲ್ಲ. ಪುಣೆಯ ಮಾರ್ಗವಾಗಿ ಮುಂಬಯಿಗೆ ಹೋಗುವ ರೈಲಿನವರು ದರ ಇಳಿಸಿ ಸರಕನ್ನು ತಮ್ಮತ್ತ ಎಳೆದುಕೊಂಡರು. ರೈಲು ಕಂಪನಿಗೆ ಬಡ್ಡಿಯ ಖಾತರಿ ಕೊಟ್ಟಿದ್ದ ಪೋರ್ಚುಗೀಸ್ ಸರಕಾರವು ಅನೇಕ ವರ್ಷ ಕೈಯಿಂದಲೇ ತುಂಬಿಕೊಡಬೇಕಾಯಿತು. 1892ರಲ್ಲಿ ಕರಾರಿನ ಅವಧಿ ತೀರಿತು, ಅದು ನವೀಕರಣವಾಗಲಿಲ್ಲ. ಗಡಿಯಲ್ಲಿ ಮತ್ತೆ ಸುಂಕದ ನಾಕೆಗಳು ತಲೆಯೆತ್ತಿದುವು: ಈಚೆ ಕುಳೆಂನಲ್ಲಿ ಪೋರ್ಚುಗೀಸರದು, ಆಚೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರದು.

ಹಾಗೆಂದು ದಾರಿ ವ್ಯರ್ಥವಾಗಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಿಂದ ಸಂಡೂರಿನ ಮ್ಯಾಂಗನೀಸ್ ಅದಿರು ಇದೇ ಹಳಿಗಳ ಮೇಲೆ ಇಳಿದು ಮುರಗಾಂವದಲ್ಲಿ ಹಡಗನ್ನೇರಿತು. ಸರಕಿನ ಜೊತೆಗೆ ಜನರೂ ಬಂದರು. ಘಟ್ಟದ ಮೇಲಿಂದ ದುಡಿಮೆಯನ್ನು ಹುಡುಕಿ ಗೋವೆಗೆ ಇಳಿದ ಎಷ್ಟೋ ಕನ್ನಡ ಕುಟುಂಬಗಳಿಗೆ ಇದೇ ದಾರಿ.

ದಾರಿ ಮುಚ್ಚಿದಾಗ

1947ರಲ್ಲಿ ಭಾರತ ಸ್ವತಂತ್ರವಾದರೂ ಗೋವೆಯು ಪರರ ಕೈಯಲ್ಲಿಯೇ ಉಳಿಯಿತು. 1955ರ ಆಗಸ್ಟ್ 15ರಂದು ನಿರಾಯುಧರಾಗಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಆ ಬಳಿಕ ಭಾರತ ಸರಕಾರವು ಗೋವೆಯ ಮೇಲಿನ ಆರ್ಥಿಕ ದಿಗ್ಬಂಧನವನ್ನು ಬಿಗಿಗೊಳಿಸಿತು. ಕ್ಯಾಸಲ್‌ರಾಕಿನ ರೈಲು ಸಂಪರ್ಕ ಕಡಿದುಹೋಯಿತು. ಹಳಿ ಇದ್ದಿತು, ಸುರಂಗವಿದ್ದಿತು, ಬಂದರಿದ್ದಿತು; ಇಲ್ಲದಿದ್ದುದು ಒಪ್ಪಿಗೆ ಒಂದೇ. 1961ರ ಡಿಸೆಂಬರ್ 19ರಂದು ಗೋವೆ ಭಾರತಕ್ಕೆ ಸೇರಿದ ಮೇಲೆ ಆ ಗಡಿಯೇ ಅಳಿಯಿತು, ದಾರಿ ಮರಳಿ ತೆರೆಯಿತು. ದಾರಿಯ ದೇಶವೆಂಬ ಗೋವೆಯ ಪಾತ್ರವೂ ಅಲ್ಲಿಗೆ ಮುಗಿಯಿತು.

ಇದೇ ಮಾತು ಬೇರೆ ಕಡೆಯೂ ಸತ್ಯ. 1989ರ ಮಾರ್ಚಿನಲ್ಲಿ ಭಾರತ ಮತ್ತು ನೇಪಾಳಗಳ ವ್ಯಾಪಾರ ಹಾಗೂ ಸಾಗಾಟದ ಒಪ್ಪಂದಗಳ ಅವಧಿ ಮುಗಿದಾಗ ಗಡಿಯ ಹಲವು ದಾರಿಗಳು ಮುಚ್ಚಿ, ನೇಪಾಳದ ಜನರು ಸೀಮೆಎಣ್ಣೆ ಮೊದಲಾದ ಅಗತ್ಯ ವಸ್ತುಗಳಿಗೆ ಪರದಾಡಿದರು. 1990ರಲ್ಲಿ ಮತ್ತೆ ಒಪ್ಪಿಗೆಯಾಯಿತು. ಇನ್ನು ಬಾಂಗ್ಲಾದೇಶದ ಸರಕು ಭಾರತದ ನೆಲವನ್ನು ಹಾಯ್ದು ನಮ್ಮ ಬಂದರು ಮತ್ತು ವಿಮಾನ ನಿಲ್ದಾಣಗಳಿಂದ ಮೂರನೆಯ ದೇಶಗಳಿಗೆ ಹೋಗಲು 2020ರಲ್ಲಿ ಕೊಟ್ಟಿದ್ದ ಅನುಕೂಲವನ್ನು ಭಾರತವು 2025ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು.

ಇಂತಹ ತೊಡಕುಗಳನ್ನು ಕಡಿಮೆ ಮಾಡಲೆಂದೇ ರಾಷ್ಟ್ರಗಳು ಕೆಲವು ಸಾಮಾನ್ಯ ನಿಯಮಗಳನ್ನು ಮಾಡಿಕೊಂಡಿರುವುವು. 1921ರಲ್ಲಿ ಬಾರ್ಸಿಲೋನಾ ನಗರದಲ್ಲಿ ಸಾಗಾಟದ ಸ್ವಾತಂತ್ರ್ಯದ ಬಗ್ಗೆ ಒಡಂಬಡಿಕೆಯಾಯಿತು. 1947ರ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದದ ಐದನೆಯ ಕಲಮು ಇನ್ನೂ ಸ್ಪಷ್ಟವಾಗಿದೆ. ಹಾಯ್ದು ಹೋಗುವ ಸರಕಿನ ಮೇಲೆ ದಾರಿಯ ದೇಶವು ಆಮದು ಸುಂಕವನ್ನು ಹಾಕತಕ್ಕದ್ದಲ್ಲ. ಸಾಗಾಟಕ್ಕೆ ಮತ್ತು ಸಲ್ಲಿಸಿದ ಸೇವೆಗೆ ತಗಲಿದ ವೆಚ್ಚವನ್ನಷ್ಟೇ ಕೇಳಬಹುದು. ವಿಜಯನಗರದ ಕಾಲದ ಕುದುರೆಯ ಸುಂಕಕ್ಕೂ ಈ ನಿಯಮಕ್ಕೂ ಎಷ್ಟು ಅಂತರವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇಂದಿನ ಉಕ್ಕಿನ ಪೆಟ್ಟಿಗೆ

ಈಗ ಮಡ್ಕಯಿಯ ಒಂದು ಕಾರ್ಖಾನೆಯ ಸರಕು ಯುರೋಪಿಗೆ ಹೋಗಬೇಕೆಂದಿಟ್ಟುಕೊಳ್ಳೋಣ. ಅದನ್ನು ತುಂಬುವುದು ಕಂಟೇನರ್ ಎಂಬ ಉಕ್ಕಿನ ದೊಡ್ಡ ಪೆಟ್ಟಿಗೆಯಲ್ಲಿ. ಉದ್ದ 20 ಅಥವಾ 40 ಅಡಿ. 1956ರ ಏಪ್ರಿಲ್ 26ರಂದು ಅಮೇರಿಕೆಯ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿಯು 58 ಪೆಟ್ಟಿಗೆಗಳನ್ನು ಹಡಗಿನಲ್ಲಿ ಕಳುಹಿಸಿದಂದಿನಿಂದ ಈ ಪದ್ಧತಿಯು ಜಗತ್ತನ್ನೆಲ್ಲ ವ್ಯಾಪಿಸಿತು. ಮೊದಲು ಚೀಲ ಚೀಲವಾಗಿ ಹೊತ್ತು ಇಳಿಸುತ್ತಿದ್ದ ಸರಕನ್ನು ಈಗ ಕ್ರೇನು ಒಮ್ಮೆಲೆ ಎತ್ತಿಡುವುದು.

ಪೆಟ್ಟಿಗೆಯ ಬಾಗಿಲಿಗೆ ಸಂಖ್ಯೆಯುಳ್ಳ ಮುದ್ರೆ ಬೀಳುವುದು. ಹಡಗಿನ ಕಂಪನಿಯು ‘ಬಿಲ್ ಆಫ್ ಲೇಡಿಂಗ್’ ಎಂಬ ಪತ್ರವನ್ನು ಕೊಡುವುದು. ಸರಕನ್ನು ಪಡೆದುದಕ್ಕೆ ಅದು ರಸೀದಿ, ಒಯ್ಯುವೆನೆಂಬುದಕ್ಕೆ ಕರಾರು. ಕೊನೆಯ ಬಂದರಿನಲ್ಲಿ ಅದನ್ನು ತೋರಿಸಿದವನಿಗೇ ಸರಕು. ಲಾರಿಯು ಪೆಟ್ಟಿಗೆಯನ್ನು ಮುರಗಾಂವಕ್ಕೋ ಮುಂಬಯಿಯ ಹತ್ತಿರದ ನ್ಹಾವಾ ಶೇವಾಕ್ಕೋ ಒಯ್ಯುವುದು. ಅಲ್ಲಿಂದ ಅದು ನೇರವಾಗಿ ಯುರೋಪಿಗೆ ಹೋಗಬಹುದು. ಇಲ್ಲವೆ ‘ಫೀಡರ್’ ಎಂಬ ಸಣ್ಣ ಹಡಗಿನಲ್ಲಿ ಕೊಲಂಬೋಗೆ ಹೋಗಿ ಅಲ್ಲಿ ದೊಡ್ಡದಾದ ‘ತಾಯಿ ಹಡಗ’ನ್ನು ಏರಬಹುದು.

ಇಷ್ಟು ಸುತ್ತು ಏಕೆ? ತಾಯಿ ಹಡಗುಗಳಲ್ಲಿ ದೊಡ್ಡವು 20 ಅಡಿಯ 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹೊರಬಲ್ಲುವು. ಅವುಗಳಿಗೆ ಬಹಳ ಆಳವಾದ ನೀರು ಬೇಕು, ಒಂದೊಂದು ದಿನ ನಿಂತರೂ ವೆಚ್ಚ ಅಪಾರ. ಹಳ್ಳಿಹಳ್ಳಿಗೂ ಹೋಗದೆ ಹೆದ್ದಾರಿಯಲ್ಲಿಯೇ ಓಡುವ ದೂರದ ಬಸ್ಸಿನಂತೆ ಅವು ಕೆಲವೇ ಬಂದರುಗಳಲ್ಲಿ ನಿಲ್ಲುವುವು. ಕೊಲಂಬೋ ಬಂದರು ಪೂರ್ವ ಪಶ್ಚಿಮಗಳ ಮುಖ್ಯ ಹಡಗುದಾರಿಗೆ ಸಮೀಪದಲ್ಲಿದೆ. ಭಾರತದ ಸರಕಿನಲ್ಲಿ ಹೀಗೆ ಹಡಗು ಬದಲಾಯಿಸತಕ್ಕ ಪಾಲಿನ ಮುಕ್ಕಾಲು ಭಾಗದಷ್ಟು ಬಹುಕಾಲದಿಂದ ಕೊಲಂಬೋ, ಸಿಂಗಾಪುರ, ಮಲೇಶಿಯಾದ ಕ್ಲಾಂಗ್ ಮೊದಲಾದ ಹೊರಗಿನ ಬಂದರುಗಳಲ್ಲಿಯೇ ನಡೆಯಿತು. ಪೆಟ್ಟಿಗೆಯು ಶ್ರೀಲಂಕೆಯ ಪೇಟೆಗೆ ಇಳಿಯದೆ ಬಂದರಿನ ಅಂಗಳದಲ್ಲಿಯೇ ಇರುವುದರಿಂದ ಅಲ್ಲಿ ಆಮದು ಸುಂಕವಿಲ್ಲ. ಆದರೆ ಎತ್ತಿ ಇಳಿಸಿದುದಕ್ಕೆ ಕೂಲಿಯುಂಟು. ಆ ಕೂಲಿ, ಆ ಉದ್ಯೋಗ ದಾರಿಯ ದೇಶಕ್ಕೆ ಸಲ್ಲುವುವು. ಕಾಯುವ ದಿನಗಳ ಖರ್ಚು ಮಾತ್ರ ನಮ್ಮ ಸರಕಿನ ಬೆಲೆಗೆ ಸೇರುವುದು.

ಈ ಕೆಲಸವನ್ನು ನಮ್ಮ ದೇಶದಲ್ಲಿಯೇ ಉಳಿಸಿಕೊಳ್ಳಲೆಂದು 2011ರಲ್ಲಿ ಕೊಚ್ಚಿಯ ವಲ್ಲಾರ್‌ಪಾಡಂನಲ್ಲಿ ಒಂದು ನಿಲ್ದಾಣ ಆರಂಭವಾಯಿತು. ಆ ಬಳಿಕ ತಿರುವನಂತಪುರದ ಬಳಿಯ ವಿಳಿಂಜಂ ಬಂದರಿಗೆ 2024ರ ಜುಲೈನಲ್ಲಿ ಮೊದಲ ತಾಯಿ ಹಡಗು ಬಂದಿತು. 2025ರ ಮೇ 2ರಂದು ಆ ಬಂದರನ್ನು ವಿಧಿವತ್ತಾಗಿ ದೇಶಕ್ಕೆ ಅರ್ಪಿಸಲಾಯಿತು. ಅಲ್ಲಿ ಸಮುದ್ರವು ಸಹಜವಾಗಿಯೇ 18 ಮೀಟರಿಗೂ ಹೆಚ್ಚು ಆಳವಾಗಿದೆ.

ಸುಳ್ಳು ಹುಟ್ಟೂರು

ದಾರಿಯ ದೇಶದ ಹೆಸರಿನಲ್ಲಿ ನಡೆಯುವ ಮೋಸವನ್ನೂ ಹೇಳದೆ ಈ ವಿಷಯ ಪೂರ್ಣವಾಗದು. ಸರಕು ಯಾವ ದೇಶದ ಮೂಲಕ ಹೋದರೂ ಅದರ ಹುಟ್ಟೂರು ಬದಲಾಗುವುದಿಲ್ಲ. ಫೆರಿ ಹತ್ತಿ ಬಂದ ಮಾತ್ರಕ್ಕೆ ಫೋಂಡಾದ ಮನುಷ್ಯ ಕುಠ್ಠಾಳಿಯವನಾಗುವನೇ? ಆದರೆ ಕೆಲವು ವರ್ತಕರು ಹಾಗೆಂದು ಕಾಗದ ಹುಟ್ಟಿಸುವರು.

ಅಡಿಕೆಯನ್ನೇ ನೋಡಿರಿ. ಫೋಂಡಾ ತಾಲೂಕಿನ ಕುಳಾಗರಗಳಲ್ಲಿಯೂ, ಉತ್ತರ ಕನ್ನಡ, ಶಿವಮೊಗ್ಗ, ದಕ್ಷಿಣ ಕನ್ನಡ ಜಿಲ್ಲೆಗಳ ತೋಟಗಳಲ್ಲಿಯೂ ಅದು ಸಾವಿರಾರು ಮನೆತನಗಳ ಅನ್ನ. ಹೊರಗಿನ ಅಡಿಕೆಯ ಮೇಲೆ ಭಾರತವು ನೂರಕ್ಕೆ ನೂರರಷ್ಟು ಆಮದು ಸುಂಕವನ್ನಿಟ್ಟಿದೆ. ಆದರೆ 2000ನೆಯ ಇಸವಿಯಿಂದ ಜಾರಿಯಲ್ಲಿರುವ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಂತೆ ಶ್ರೀಲಂಕೆಯಲ್ಲಿಯೇ ಬೆಳೆದ ಅಡಿಕೆಗೆ ಸುಂಕದ ರಿಯಾಯಿತಿಯುಂಟು. ಇಂಡೋನೇಶಿಯಾ ಮುಂತಾದ ಕಡೆಗಳ ಅಡಿಕೆಯನ್ನು ಶ್ರೀಲಂಕೆಯ ಮಾರ್ಗವಾಗಿ ತಂದು, ಅದು ಅಲ್ಲಿಯದೇ ಎಂದು ‘ಮೂಲದ ಪ್ರಮಾಣಪತ್ರ’ವನ್ನು ತೋರಿಸಿ ಸುಂಕ ತಪ್ಪಿಸಿದ ಪ್ರಕರಣಗಳನ್ನು ಅಧಿಕಾರಿಗಳು ಹಲವು ಬಾರಿ ಹಿಡಿದಿರುವರು. ಕರಿಮೆಣಸಿನ ವಿಷಯದಲ್ಲಿ ವಿಯೆಟ್ನಾಮಿನ ಮಾಲು ಇದೇ ದಾರಿಯಲ್ಲಿ ಬರುವುದೆಂದು ಕೊಡಗಿನ ಬೆಳೆಗಾರರು ದೂರಿದರು. ಹೀಗೆ ಅಗ್ಗದ ಮಾಲು ಪೇಟೆಗೆ ಬಿದ್ದಾಗ ತೋಟದವನ ಬೆಲೆ ಕುಸಿಯುವುದು.

ಸರಕಾರವು 2020ರಲ್ಲಿ ಮೂಲದ ನಿಯಮಗಳನ್ನು ಬಿಗಿಗೊಳಿಸಿ, ಪ್ರಮಾಣಪತ್ರವೊಂದೇ ಸಾಲದು, ಸರಕು ಎಲ್ಲಿ ಹೇಗೆ ತಯಾರಾಯಿತೆಂಬ ವಿವರವನ್ನೂ ಆಮದುದಾರನೇ ಇಟ್ಟುಕೊಂಡಿರಬೇಕೆಂದು ವಿಧಿಸಿತು. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋ ಒಂದಕ್ಕೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಆದರೆ ಯಾವ ನಿಯಮವಾದರೂ ಕಾಗದವನ್ನು ಓದುವವನ ಎಚ್ಚರವನ್ನೂ ಬರೆಯುವವನ ಸತ್ಯವನ್ನೂ ಅವಲಂಬಿಸಿರುವುದು.

ನಾವು ಕಲಿಯಬೇಕಾದುದು

ಇಷ್ಟರಿಂದ ತಿಳಿಯುವುದೇನು? ಸರಕಿನ ದಾರಿಯು ಹಳಿ, ಹಡಗು, ಕ್ರೇನುಗಳಿಂದ ಮಾತ್ರ ಆಗತಕ್ಕದ್ದಲ್ಲ; ದೇಶದೇಶಗಳ ನಡುವಿನ ಮಾತಿನಿಂದ ಆಗತಕ್ಕದ್ದು. ಮಾತು ಉಳಿದರೆ ಬೆಟ್ಟವೂ ದಾರಿ ಬಿಡುವುದು. ಮಾತು ಮುರಿದರೆ ಹಾಸಿದ ಹಳಿಗೆ ತುಕ್ಕು ಹಿಡಿಯುವುದು. ಆ ಮಾತನ್ನು ಆಡುವವರು ದೊಡ್ಡವರಾದರೂ ಅದರ ಫಲವನ್ನು ಉಣ್ಣುವವರು ಉಪ್ಪಿನ ಆಗರದವನು, ಅಡಿಕೆಯ ತೋಟದವನು, ಬಂದರಿನ ಕೂಲಿಯವನು. ಇಂದಿಗೂ ಕಲ್ಲಿದ್ದಲು ಮುರಗಾಂವದಲ್ಲಿ ಇಳಿದು ಅದೇ ಹಳೆಯ ದಾರಿಯಲ್ಲಿ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತಿದೆ. ಉಕ್ಕು ದೇಶಕ್ಕೆ ಬೇಕು. ಆದರೆ ಕಲ್ಲಿದ್ದಲಿನ ಧೂಳು ವಾಸ್ಕೋದ ಮನೆಗಳ ಮೇಲೆ ಕೂರುವುದೆಂದು ಅಲ್ಲಿಯ ಜನ ದೂರುತ್ತಲೇ ಬಂದಿರುವರು. ಸರಕು ಹಾಯುವ ಊರಿನವರ ಮಾತನ್ನೂ ಕೇಳಿ ನಡೆಯುವುದೇ ನ್ಯಾಯವಾದ ವ್ಯಾಪಾರ.

ವಿದ್ಯಾರ್ಥಿಗಳು ಶಾಲೆಯ ಗೋಡೆಯ ನಕಾಶೆಯ ಮೇಲೆ ಮುರಗಾಂವ, ಕ್ಯಾಸಲ್‌ರಾಕ್, ಹುಬ್ಬಳ್ಳಿಗಳನ್ನು ಗುರುತಿಸಲಿ. ಬಳಿಕ ಹೊರ್ಮುಜ್, ಕೊಲಂಬೋ, ಸಿಂಗಾಪುರಗಳನ್ನು ಹುಡುಕಲಿ. ಮನೆಗೆ ತಂದ ವಸ್ತುವಿನ ಮೇಲೆ ಅದು ಯಾವ ದೇಶದಲ್ಲಿ ತಯಾರಾಯಿತೆಂದು ಬರೆದಿರುವುದನ್ನು ಓದುವ ರೂಢಿ ಮಾಡಿಕೊಳ್ಳಲಿ. ಪಾಲಕರು ತಾವು ತುಂಬುವ ಪೆಟ್ಟಿಗೆಯ ಚೀಟಿಯಲ್ಲಿ ಏನಿದೆ, ಅದು ಎಲ್ಲಿಗೆ ಹೋಗುವುದು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಲಿ. ಭೂಗೋಳದ ಪಾಠಕ್ಕೆ ಇದಕ್ಕಿಂತ ಉತ್ತಮವಾದ ಪೂರಕವನ್ನು ನಾವು ಕಾಣೆವು. ಈ ಮಕ್ಕಳಲ್ಲಿ ಕೆಲವರಾದರೂ ಮುಂದೆ ಇಂತಹ ಚೀಟಿಗಳಿಗೆ ಸಹಿ ಹಾಕುವ ಸ್ಥಾನಕ್ಕೆ ಏರುವರು. ಅಂದು ಆ ಚೀಟಿಯಲ್ಲಿ ಬರೆದುದಕ್ಕೂ ಪೆಟ್ಟಿಗೆಯೊಳಗೆ ಇರುವುದಕ್ಕೂ ಭೇದವಿರದಿರಲಿ ಎಂಬುದು ನಮ್ಮ ಹಾರೈಕೆ.